ಬಿಳಿ ಆರರ ಸೊನಾಟಾ: ಅರಗಿನ ಪ್ಲೇಟು ವಿನೈಲ್ ಆದದ್ದು

ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಯೊಂದನ್ನು ಖಾಲಿ ಮಾಡುವಾಗ ರದ್ದಿಯವನ ಗಾಡಿ ಸೇರಬೇಕಿದ್ದ ಪ್ಲೇಟುಗಳು ನನ್ನ ಕೈಗೆ ಬಂದವು. ಮೂರು ಪ್ಲೇಟು, ಆರು ಮಗ್ಗುಲು. ಬೀಥೋವನ್‌ನ ಎ ಮೇಜರ್ ಚೆಲ್ಲೋ ಸೊನಾಟಾ, ಓಪಸ್ 69. ಚೆಲ್ಲೋ ಅಂದರೆ ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲು. ಚೆಲ್ಲೋ ಎಮಾನುಯೆಲ್ ಫಾಯರ್‌ಮನ್, ಪಿಯಾನೋ ಮೈರಾ ಹೆಸ್, 1937ರ ಮುದ್ರಣ. ಹಾರ್ಮೋನಿಯಂ ರಿಪೇರಿ ಮಾಡುವ ನನಗೆ ಎ ಸ್ವರ ಅಂದರೆ ಬಿಳಿ ಆರು, ಆರನೇ ಬಿಳಿ ಕೀ. ಅದಕ್ಕಿಂತ ಹೆಚ್ಚಿಗೆ ಆವಾಗ ಗೊತ್ತಿರಲಿಲ್ಲ.

ಇದನ್ನು ವಿನೈಲ್ ಮಾಡಿಸ್ತೀನಿ ಅಂದಾಗ ಶಹಾಪುರದ ಹುಡುಗನೊಬ್ಬ ಅಂದ: "ಕಾಕಾ, ನಮ್ಮ ಬೀಳಗಿ ಅಮೀರಬಾಯಿ ಕರ್ನಾಟಕಿ ಪ್ಲೇಟ್ ಮನ್ಯಾಗ ಇಟಗೊಂಡು, ಈ ವಿಲಾಯತಿ ತಂತಿ ಯಾರ್ ಕೇಳ್ತಾರಂತ ರೊಕ್ಕಾ ಹಾಕ್ತೀರಿ?" ಮುಂಬೈಯ ಎಂಜಿನಿಯರ್ ಒಬ್ಬರು, ಕರಕರ ತೆಗೆದರೆ ಚೆಲ್ಲೋನೂ ಹೋಗುತ್ತದೆ, ಬಿಟ್ಟುಬಿಡಿ ಎಂದರು. ಅವರ ಮಾತು ಅರ್ಧ ನಿಜ.

ಮೊದಲ ಪೆಟ್ಟು ತೊಳೆಯುವಾಗಲೇ ಬಿತ್ತು. ನಮ್ಮ ಮಳೆಗಾಲಕ್ಕೆ ಗೆರೆಗಳಲ್ಲಿ ಬೂಷ್ಟು ಹಿಡಿದಿತ್ತು. ವಿನೈಲ್ ಒರೆಸುವ ರೂಢಿಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ಬಿಡುತ್ತಿದ್ದದ್ದು ಪ್ಲೇಟೇ! ಮೂವತ್ತು ವರ್ಷ ಚಪಡಾ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಾರ್ಮೋನಿಯಂ ಪೆಟ್ಟಿಗೆಗೆ ಪಾಲಿಶ್ ಹೊಡೆದವನಿಗೆ, ಇದೂ ಅದೇ ಅರಗು ಎಂದು ಹೊಳೆಯಲಿಲ್ಲ. ಒಂದು ಮಗ್ಗುಲು ಮಂಕಾಗಿ ಹೋಯಿತು. ಮುಂಬೈಯಿಂದ ಇನ್ನೊಂದು ಸೆಟ್ ತರಿಸಲು ಎಂಟು ಸಾವಿರದ ಹತ್ತಿರ ಕೊಟ್ಟೆ.

ಇಳಕಲ್ ರೇಷ್ಮೆ ಸೀರೆಗೆ ನಮ್ಮ ಅವ್ವ ಅಂಟುವಾಳ ಹಾಕುತ್ತಿದ್ದಳಲ್ಲ, ಅದನ್ನೂ ಒಂದು ಕೆಲಸಕ್ಕೆ ಬಾರದ ಪ್ಲೇಟಿನ ಮೇಲೆ ನೋಡಿದೆ. ನೊರೆ ಚೆನ್ನಾಗಿ ಬಂತು, ಒಣಗಿದ ಮೇಲೆ ಕಂದು ಪೊರೆ ಗೆರೆಯಲ್ಲೇ ಉಳಿಯಿತು, ಸದ್ದು ಮೊದಲಿಗಿಂತ ಜೋರು. ಕೊನೆಗೆ ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ನೀರಿಗೇ ಬಂದೆ. ಅದರಲ್ಲಿ ಏನು ಎಷ್ಟು ಹನಿ ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಿಜವಾದ ತಲೆನೋವು ಪಿಯಾನೋದ್ದು. ಚೆಲ್ಲೋದವರ ಎಡಗೈ ಬೆರಳು ಸದಾ ಸ್ವರವನ್ನು ನಡುಗಿಸುತ್ತಿರುತ್ತದೆ, ಪ್ಲೇಟು ಕೊಂಚ ಓಲಾಡಿದರೂ ಅದರೊಳಗೆ ಮುಚ್ಚಿಹೋಗುತ್ತದೆ. ಪಿಯಾನೋಗೆ ಆ ಅನುಕೂಲ ಇಲ್ಲ. ನಡುವಿನ ತೂತು ಕೂದಲೆಳೆ ಸರಿದಿದ್ದರೆ ಹೆಸ್ ಅವರ ಪಿಯಾನೋ ಕುಡಿದವನ ಹಾಗೆ ತೂಗುತ್ತದೆ. ಉದ್ಯಮಬಾಗದ ಲೇಥ್ ಅಂಗಡಿಯಲ್ಲಿ ಒಂದು ದಪ್ಪ ಅಲ್ಯೂಮಿನಿಯಂ ತಟ್ಟೆ ಕೊರೆಸಿದೆ, ಆರುನೂರೈವತ್ತು ರೂಪಾಯಿ. ಅದನ್ನು ಟರ್ನ್‌ಟೇಬಲ್ ಮೇಲಿಟ್ಟರೆ ನಡುವಿನ ಕಡ್ಡಿ ಒಳಗೆ ಮುಳುಗುತ್ತದೆ. ಪ್ಲೇಟನ್ನು ಬೆರಳ ತುದಿಯಿಂದ ತಟ್ಟಿ ತಟ್ಟಿ, ಪಿನ್ ಹಿಡಿದ ಆರ್ಮ್ ಎಡಬಲ ಓಡಾಡುವುದು ನಿಲ್ಲುವವರೆಗೆ ಸರಿಸುತ್ತಿದ್ದೆ. ಒಂದು ಮಗ್ಗುಲಿಗೆ ಅರ್ಧ ತಾಸು ಹಿಡಿದದ್ದೂ ಉಂಟು. ಆರ್ಮ್‌ನ ಎತ್ತರವನ್ನೂ ಅದಕ್ಕೆ ತಕ್ಕಂತೆ ಏರಿಸಬೇಕು, ಮರೆತು ಒಂದು ಪಿನ್ ಮುರಿದೆ. ವಿನೈಲ್ ಕೇಳುವಾಗ ಸದ್ದಿನ ಏರಿಳಿತ ಸರಿಮಾಡುವ ಆರ್‌ಐಎಎ ಕರ್ವ್ 1950ರ ದಶಕದ್ದು, ಈ ಹಳೇ ಪ್ಲೇಟಿಗೆ ಅದನ್ನು ಹಾಕಬಾರದು.

ಎಲ್ಲರೂ ಬೇಡ ಅಂದರೂ ನಾನು ಹಿಡಿದ ದಾರಿ ಇದು. ಪಿನ್ ಕೂರುವ ಸ್ಟಿರಿಯೋ ಕಾರ್ಟ್ರಿಜ್‌ನ ಒಂದೊಂದು ಚಾನೆಲ್ ಗೆರೆಯ ಒಂದೊಂದು ಗೋಡೆಯನ್ನು ಓದುತ್ತದೆ, ಆ ಎರಡನ್ನೂ ಕೂಡಿಸಲಿಲ್ಲ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ. ಮೂರು ಅಳತೆಯ ಪಿನ್, ಎರಡು ಸೆಟ್ ಪ್ಲೇಟು, ಎರಡೆರಡು ಗೋಡೆ. ಎಲ್ಲ ಸೇರಿಸಿ ಒಂದೊಂದು ತುಣುಕಿಗೂ ಯಾವುದು ಸ್ವಚ್ಛವೋ ಅದನ್ನೇ ಆರಿಸಿ ಹೊಲಿದೆ. ಸ್ಪಿರಿಟ್ ತಿಂದ ಮಗ್ಗುಲಿನಲ್ಲೂ ಒಂದು ಗೋಡೆ ಕೆಲಸಕ್ಕೆ ಬಂತು. ಯಾವ ಪಿನ್ ಎಲ್ಲಿ ಅನ್ನುವುದು ಕಿವಿಗೆ ಬಿಟ್ಟದ್ದು.

ಸಾಫ್ಟ್‌ವೇರ್‌ನ ಆಟೋಮ್ಯಾಟಿಕ್ ಬಟನ್ ಒತ್ತಿದರೆ ಅದು ಪಿಯಾನೋ ಸುತ್ತಿಗೆಯ ಪೆಟ್ಟನ್ನೇ ಗೀರು ಎಂದು ಅಳಿಸುತ್ತದೆ. ಕೈಯಿಂದಲೇ ತೆಗೆದೆ, ಮಗ್ಗುಲಿಗೆ ಎಂಟುನೂರೋ ಸಾವಿರವೋ ಗೀರು, ನಾಲ್ಕು ತಿಂಗಳು, ರಾತ್ರಿ ಹತ್ತರ ಮೇಲೆ. ಸೊನಾಟಾ ಶುರುವಾಗುವುದು ಚೆಲ್ಲೋ ಒಂದರಿಂದಲೇ, ಮೆಲ್ಲಗೆ, ಕೆಳಗಿನ ಬಿಳಿ ಆರರಿಂದ. ಅಲ್ಲಿ ಸೋಂ ಅನ್ನುವ ಸದ್ದು ಬಯಲಾಗಿ ನಿಲ್ಲುತ್ತದೆ. ಮೊದಲ ಸಲ ಪೂರ್ತಿ ಒರೆಸಿದೆ, ಚೆಲ್ಲೋ ಬಾವಿಯೊಳಗಿಂದ ಮಾತಾಡಿದ ಹಾಗಾಯಿತು. ಕೊನೆಗೆ ಅದನ್ನು ಹಾಗೇ ಬಿಟ್ಟೆ. ಮಗ್ಗುಲು ಮುಗಿದಲ್ಲಿ ಬೀಳುವ ಸಂದಿಗೂ ಅದೇ ಪ್ಲೇಟಿನ ಖಾಲಿ ಗೆರೆಯ ಸದ್ದನ್ನೇ ತುಂಬಿದೆ. ಹೊಲಿಗೆ ಎಲ್ಲಿದೆ ಎಂದು ಇದುವರೆಗೆ ಯಾರೂ ತೋರಿಸಿಲ್ಲ.

ಆಮೇಲೆ ದುಡ್ಡಿನ ಪೆಟ್ಟು. ಇಪ್ಪತ್ತಮೂರು ಚಿಲ್ಲರೆ ನಿಮಿಷ ವಿನೈಲ್‌ನ ಒಂದೇ ಮಗ್ಗುಲಿಗೆ ತುರುಕಿ ನಿಮಿಷಕ್ಕೆ 33 ಸುತ್ತಿನ ವೇಗದಲ್ಲಿ ಕೊರೆಸಿದೆ. ಕೊನೆಯ ಚುರುಕಿನ ಭಾಗ, ಅಲೆಗ್ರೋ ವಿವಾಚೆ, ಒಳಗಿನ ಗೆರೆಗೆ ಬಂದಾಗ ದನಿ ಬಿರಿಯಿತು. ಟೆಸ್ಟ್ ಪ್ಲೇಟು ಕೇಳಿ ಎರಡು ದಿನ ಅಂಗಡಿ ತೆಗೆಯಲಿಲ್ಲ, ಐವತ್ತೈದು ಸಾವಿರ ನೀರಿಗೆ. ಎರಡನೇ ಸಲ ಸೊನಾಟಾವನ್ನು ಎರಡೂ ಮಗ್ಗುಲಿಗೆ ಹಂಚಿ 45 ಸುತ್ತಿನ ವೇಗದಲ್ಲಿ ಕೊರೆಸಿದೆ, ದನಿಯ ಬಿರುಕು ಹೋಯಿತು. ಒಟ್ಟು ಖರ್ಚು ಮೂರು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು, ಇನ್ನೂರು ಪ್ರತಿ. "ಇಷ್ಟೇ ಸಂಗೀತಕ್ಕೆ 2,200 ರೂಪಾಯಿ?" ಅಂದವರಿಗೆ ಬಂದು ಕೇಳಿ ಅಂದೆ. ನೂರೈವತ್ತು ಹೋದಾಗ ಹಾಕಿದ ದುಡ್ಡು ಕೈಗೆ ಬಂತು. ಧ್ವನಿಮುದ್ರಣಕ್ಕೆ ನಮ್ಮ ಕಾಯ್ದೆಯಲ್ಲಿ 60 ವರ್ಷ, ಅದು ಯಾವಾಗಲೋ ಮುಗಿದಿತ್ತು. ಹೊರದೇಶದ ಕಾಯ್ದೆ ಬೇರೆ, ಅಲ್ಲಿಗೆ ಕಳಿಸಲಿಲ್ಲ.

ಶಹಾಪುರದ ಹುಡುಗ ಎರಡು ಒಯ್ದ, ಅವನ ಮನೆಯಲ್ಲಿ ಟರ್ನ್‌ಟೇಬಲ್ಲೇ ಇಲ್ಲ. ಮೇ ತಿಂಗಳಲ್ಲಿ ವಿಜಯಪುರಕ್ಕೆ ಕಳಿಸಿದ ಆರು ಪ್ರತಿ ಬಿಸಿಲಿಗೆ ಹಪ್ಪಳದಂತೆ ಬಾಗಿ ವಾಪಸ್ ಬಂದವು. ಈಗ ಬೇಸಿಗೆಯಲ್ಲಿ ಪಾರ್ಸೆಲ್ ಕಟ್ಟುವುದಿಲ್ಲ, ಬೇಕಾದವರು ಮಳೆ ಬೀಳುವವರೆಗೆ ಕಾಯಬೇಕು.