ಮೂದಲಿಕೆಯೂ ಟಿಕೆಟ್ಟೂ: ಬಾಕ್ಸಿಂಗ್ ಪ್ರಚಾರದಲ್ಲಿ ನನ್ನ ಅನುಭವ
ಹವ್ಯಾಸಿ ಬಾಕ್ಸಿಂಗ್‌ನಿಂದ ಬಂದ ಹುಡುಗರಿಗೆ ವೇದಿಕೆಯ ಮೇಲೆ ಮಾತನಾಡುವ ಅಭ್ಯಾಸವೇ ಇರುವುದಿಲ್ಲ. ಮೂರು ಸುತ್ತು ಆಡಿ, ರೆಫ್ರಿ ಯಾರ ಕೈ ಎತ್ತಿದರೂ ಎದುರಾಳಿಗೆ ನಮಸ್ಕರಿಸಿ ಇಳಿಯುವುದೇ ಅಲ್ಲಿನ ಶಿಸ್ತು. ವೃತ್ತಿಪರನಾದ ಮೇಲೆ ಅನ್ನ ಹಾಕುವವನು ಟಿಕೆಟ್ ಕೊಂಡ ಪ್ರೇಕ್ಷಕ. ಹೀಗಾಗಿ ಬಳ್ಳಾರಿಯಲ್ಲಿ ಸಣ್ಣ ಪಂದ್ಯಗಳ ಪ್ರಚಾರಕ್ಕೆ ಕೈಹಾಕಿದಾಗ, ಪೋಸ್ಟರ್ ಅಚ್ಚು ಹಾಕಿಸುವುದಕ್ಕಿಂತ ಮೊದಲು ಇವರ ಬಾಯಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಎದುರಾಳಿಯನ್ನು ಮಾತಿನಲ್ಲಿ ಕೆಣಕಿ ಟಿಕೆಟ್ ಮಾರುವ ಈ ವಿದ್ಯೆಯಲ್ಲಿ ಎಲ್ಲರಿಗೂ ಗುರು ಮುಹಮ್ಮದ್ ಅಲಿ. ಅವನಿಗೂ ಒಬ್ಬ ಗುರುವಿದ್ದ: 1961ರಲ್ಲಿ, ಇನ್ನೂ ಕ್ಯಾಶಿಯಸ್ ಕ್ಲೇ ಆಗಿದ್ದಾಗ, ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವಿನ ಬಡಾಯಿಯನ್ನು ಕೇಳಿದ ಅವನು, ಬಡಾಯಿಕೋರ ಸೋಲುವುದನ್ನು ನೋಡುವುದಕ್ಕಾದರೂ ಜನ ಹಣ ಕೊಟ್ಟು ಬರುತ್ತಾರೆ ಎಂಬುದನ್ನು ಕಂಡುಕೊಂಡ. ನಮ್ಮ ಹುಡುಗರಿಗೆ ಅಲಿಯ ವಿಡಿಯೊ ತೋರಿಸಿದಾಗ ಆ ಇಂಗ್ಲಿಷಿನ ಓಟಕ್ಕೆ ಬೆದರಿ ಮತ್ತಷ್ಟು ಮೌನವಾದರು. ಆದರೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಬಯಲಾಟದ ಭೀಮ ಹೇಗೆ ಮೂದಲಿಸಿ ದಡಕ್ಕೆ ಕರೆಸುತ್ತಾನೆ ಎಂದು ನೆನಪಿಸಿದ್ದೇ ತಡ, ವಿಷಯ ತಟ್ಟನೆ ಹೊಳೆಯಿತು. ಭೀಮನ ಪಾತ್ರಧಾರಿ ಒಂದು ಮಾತು ಎಸೆದು, ಮೀಸೆಯ ಮೇಲೆ ಕೈಯಿಟ್ಟು, ಶಿಳ್ಳೆ ಬೀಳುವವರೆಗೆ ಕಾಯುತ್ತಾನೆ. ನಾನು ಅಭ್ಯಾಸ ಮಾಡಿಸಿದ್ದು ಮುಖ್ಯವಾಗಿ ಆ ಕಾಯುವಿಕೆಯನ್ನು. ಸಭೆಯಲ್ಲಿ ಕನ್ನಡ, ತೆಲುಗು, ಉರ್ದು ಆಡುವವರ ಜೊತೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬಂದ ಹಿಂದಿಯವರೂ ಕೂತಿರುವುದರಿಂದ, ಉದ್ದನೆಯ ಭಾಷಣ ಇಲ್ಲಿ ಯಾರಿಗೂ ತಲುಪುವುದಿಲ್ಲ.

ಏನು ಹೇಳಬೇಕೆಂಬುದು ಇನ್ನೂ ಸೂಕ್ಷ್ಮ. ‘ನಿನ್ನನ್ನು ಮುಗಿಸುತ್ತೇನೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ‘ನಾಲ್ಕನೆಯ ಸುತ್ತಿಗೆ ಇವನ ಎಡಗೈ ಕೆಳಗಿಳಿಯುತ್ತದೆ, ನೋಡುತ್ತಿರಿ’ ಎಂದರೆ ಪ್ರೇಕ್ಷಕನಿಗೆ ಪರೀಕ್ಷಿಸಿ ನೋಡಲು ಒಂದು ಸಂಗತಿ ಸಿಗುತ್ತದೆ. 1962ರ ನವೆಂಬರಿನಲ್ಲಿ ತನ್ನ ಎದುರಾಳಿ ಆರ್ಚಿ ಮೂರ್ ನಾಲ್ಕನೆಯ ಸುತ್ತಿನಲ್ಲಿ ಬೀಳುತ್ತಾನೆಂದು ಮೊದಲೇ ಸಾರಿ, ಹಾಗೆಯೇ ಗೆದ್ದ ಕ್ಲೇಯ ಚಾತುರ್ಯ ಇದೇ. ಭವಿಷ್ಯ ಸುಳ್ಳಾದರೂ ನನಗೆ ನಷ್ಟವಿಲ್ಲ, ಏಕೆಂದರೆ ಆ ಸುತ್ತು ಬರುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ತರಬೇತುದಾರರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಎದುರಾಳಿಗೆ ನಮ್ಮ ತಂತ್ರವನ್ನು ನೀವೇ ಬಿಟ್ಟುಕೊಡುತ್ತಿದ್ದೀರಿ ಎಂಬ ಅವರ ಗೊಣಗಾಟದಲ್ಲಿ ಸ್ವಲ್ಪ ನಿಜವೂ ಇದೆ.

ಜಾತಿ, ಧರ್ಮ, ತಾಯಿ, ತಂಗಿ, ಮೈಬಣ್ಣ, ಹುಟ್ಟಿದ ಊರು, ಇವುಗಳ ಸುದ್ದಿಗೆ ಹೋಗಬಾರದೆಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಮೊದಲೇ ಮಾತು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಅಂಥ ಒಂದು ಮಾತು ರಿಂಗನ್ನು ದಾಟಿ ಓಣಿಗೆ ಇಳಿದರೆ, ಪಂದ್ಯ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ. ಅಲಿಯೇ ಈ ಗೆರೆ ದಾಟಿದ್ದಾನೆ: 1975ರ ಮನಿಲಾ ಪಂದ್ಯಕ್ಕೆ ಮೊದಲು, ತನ್ನ ಕಷ್ಟಕಾಲದಲ್ಲಿ ನೆರವಾಗಿದ್ದ ಎದುರಾಳಿ ಜೋ ಫ್ರೇಜಿಯರ್‌ನನ್ನು ಗೊರಿಲ್ಲಾ ಎಂದು ಹಂಗಿಸಿದ, ಆ ನೋವನ್ನು ಫ್ರೇಜಿಯರ್ ದಶಕಗಳ ಕಾಲ ಮರೆಯಲಿಲ್ಲ. ಅಂದು ಟಿಕೆಟ್ ಮಾರಲು ಆ ಮಾತಿನ ಅಗತ್ಯವೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಿಂದಿನ ದಿನ ತೂಕ ನೋಡುವಾಗ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಫೋಟೊ ತೆಗೆಸುವುದು ವಾಡಿಕೆ. ಉಪವಾಸದಿಂದ ತೂಕ ಇಳಿಸಿಕೊಂಡವನಿಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುವುದರಿಂದ, ನಡುವೆ ಒಬ್ಬ ಗಟ್ಟಿ ಆಳು ನಿಂತಿರಲೇಬೇಕು. 2002ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕಾಗೋಷ್ಠಿಯಲ್ಲಿ ಹೆವಿವೇಟ್ ಬಾಕ್ಸರ್‌ಗಳಾದ ಮೈಕ್ ಟೈಸನ್ ಮತ್ತು ಲೆನಾಕ್ಸ್ ಲೂಯಿಸ್ ವೇದಿಕೆಯ ಮೇಲೆಯೇ ಬಡಿದಾಡಿಕೊಂಡ ಮೇಲೆ, ಪಂದ್ಯ ನಡೆಯಬೇಕಿದ್ದ ನೆವಾಡಾ ರಾಜ್ಯ ಟೈಸನ್‌ಗೆ ಪರವಾನಗಿ ನಿರಾಕರಿಸಿ, ಪಂದ್ಯ ಜೂನ್‌ನಲ್ಲಿ ಮೆಂಫಿಸ್‌ನಲ್ಲಿ ನಡೆಯಬೇಕಾಯಿತು. ಅಂಥ ದೊಡ್ಡ ಪಂದ್ಯಕ್ಕೆ ಬೇರೆ ಊರು ಸಿಕ್ಕಿತು. ನಮ್ಮಂಥವರಿಗೆ ಅನುಮತಿ ಒಮ್ಮೆ ರದ್ದಾದರೆ ಕೊಟ್ಟ ಮುಂಗಡವೂ ಹೋದಂತೆಯೇ.

ಪಂದ್ಯ ಮುಗಿದ ಮೇಲೆ ಗೆದ್ದವನಿಗೆ ಎಲ್ಲರೂ ಮೈಕ್ ಕೊಡುತ್ತಾರೆ. ನಾನು ಸೋತವನನ್ನೂ ತಡೆದು ನಿಲ್ಲಿಸಿ, ಅವನ ಕೈಗೂ ಮೈಕ್ ಕೊಡುತ್ತೇನೆ. ಮರುಪಂದ್ಯಕ್ಕೆ ಅವನು ಅಲ್ಲಿಯೇ ಸವಾಲು ಹಾಕಿದರೆ ಮುಂದಿನ ಪೋಸ್ಟರಿನ ಅರ್ಧ ಕೆಲಸ ಮುಗಿದಿರುತ್ತದೆ.