ಸಮಾವೇಶಕ್ಕೆ ನಾವು ಠರಾವು ಬರೆದುಕೊಂಡೇ ಹೋದೆವು

ಗದಗ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಪಕ್ಷದ ಬೂತ್ ಸಮಿತಿ ಸದಸ್ಯೆ. ಯಾವ ಪಕ್ಷ ಅಂತ ಹೇಳುವುದಿಲ್ಲ. ಈ ಬರಹ ಎಲ್ಲ ಪಕ್ಷದ ಕಾರ್ಯಕರ್ತರಿಗೂ ಉಪಯೋಗಕ್ಕೆ ಬರಲಿ ಅನ್ನುವುದು ನನ್ನ ಆಸೆ.

ಹುಬ್ಬಳ್ಳಿಯಲ್ಲಿ ಸಮಾವೇಶ ಅಂದ ಕೂಡಲೇ ನಮ್ಮ ಕಡೆ ಏಳುವ ಮೊದಲ ಪ್ರಶ್ನೆ "ಎಷ್ಟು ಗಾಡಿ?" ಬೂತಿಗೆ ಇಷ್ಟು ಮಂದಿ ಅಂತ ಮೇಲಿನಿಂದ ಫೋನ್ ಬರುತ್ತದೆ. ಕ್ರೂಸರ್ ಗೊತ್ತು ಮಾಡುತ್ತಾರೆ. ಹೋಗುತ್ತೇವೆ, ಕುರ್ಚಿ ತುಂಬುತ್ತೇವೆ, ಚಪ್ಪಾಳೆ ತಟ್ಟಿ ಬರುತ್ತೇವೆ. ನನಗೆ ಇದು ಸಾಕಾಗಿತ್ತು. ಓಟಿನ ಹೊತ್ತಿಗೆ ಮನೆ ಮನೆಯ ಬಾಗಿಲು ಬಡಿಯುವವರು ನಾವು. ಜನ ಬೈಯುವುದೂ ನಮ್ಮನ್ನೇ. ಹಾಗಿದ್ದ ಮೇಲೆ ಜನರ ಮಾತು ಮೇಲಕ್ಕೆ ಒಯ್ಯುವವರೂ ನಾವೇ ಆಗಬೇಕಲ್ವಾ?

ನಮ್ಮೂರಿನ ಮಾತು ಹೆಸರುಕಾಳಿನದು. ಜೂನ್‌ನಲ್ಲಿ ಬಿತ್ತಿದರೆ ಎರಡು ತಿಂಗಳು ಚಿಲ್ಲರೆಯಲ್ಲಿ ಬೆಳೆ ಕೈಗೆ ಬರುತ್ತದೆ. ಆಗಸ್ಟ್‌ನಲ್ಲಿ ರಾಶಿ, ಅಂದರೆ ಒಕ್ಕಣೆ. ಅದೇ ಹೊತ್ತಿಗೆ ಮಳೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಹೆಸರುಕಾಳಿಗೆ 8,682 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಆದರೆ ಖರೀದಿ ಕೇಂದ್ರ ತೆರೆದು, ನೋಂದಣಿ ಮುಗಿದು, ತೂಕ ಶುರುವಾಗುವವರೆಗೆ ಸಣ್ಣ ರೈತರು ಕಾಯುವುದು ಹೇಗೆ? ಕಾಳಿನ ತೇವಾಂಶ ಶೇಕಡಾ 12 ದಾಟಿದರೆ ತೆಗೆದುಕೊಳ್ಳುವುದಿಲ್ಲ. ನಮ್ಮ ಓಣಿಯ ಒಬ್ಬ ಅಜ್ಜಿ ಪಡಸಾಲೆಯಲ್ಲಿ ತಾಡಪಾಲು ಹಾಸಿ ಕಾಳು ಹರವಿದ್ದರು. ದಿನಾ ಅಂಗೈಯಲ್ಲಿ ಹಿಡಿದು ಮೂಸಿ ನೋಡುತ್ತಿದ್ದರು, ಮುಗ್ಗು ವಾಸನೆ ಬಂತೇನೋ ಅಂತ. ಕಡೆಗೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ, ಅವನು ಹೇಳಿದ ರೇಟಿಗೇ ಕೊಟ್ಟುಬಿಟ್ಟರು.

ಸಮಾವೇಶದ ಸುದ್ದಿ ಬಂದಾಗ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಇದನ್ನೇ ಠರಾವು, ಅಂದರೆ ಸಭೆಯ ನಿರ್ಣಯ, ಆಗಲಿ ಅಂತ ಬರೆದೆವು. ಕೇಳಿದ್ದು ಎರಡು. ರಾಶಿಗೆ ಮೊದಲೇ ಕೇಂದ್ರ ತೆರೆಯಬೇಕು. ಎಕರೆಗೆ ಇಷ್ಟೇ ಕ್ವಿಂಟಲ್ ಖರೀದಿ ಅನ್ನುವ ಮಿತಿ ಹೆಚ್ಚಿಸಬೇಕು. ಪಕ್ಷದ ತಾಲೂಕು ಅಧ್ಯಕ್ಷರಿಗೆ ತೋರಿಸಿದೆ. ಅವರು ಮೇಲಿಂದ ಕೆಳಗೆ ಕಣ್ಣಾಡಿಸಿ, "ಅಕ್ಕಾರ, ಎರಡು ಹಾಳಿ ಯಾರು ಓದ್ತಾರ್ರೀ? ಅರ್ಧ ಹಾಳಿಗೆ ತರ್ರಿ" ಅಂದರು. ಒಳ್ಳೆ ಮಾತು. ಅರ್ಧ ಹಾಳಿಗೆ ಇಳಿಸಿದೆವು. ಆಮೇಲೆ ಪಕ್ಕದ ಊರುಗಳ ಬೂತಿನವರ ಸಹಿ ಹಾಕಿಸಿದೆವು. ಒಂದೇ ಊರಿನ ಕಾಗದ ಅರ್ಜಿ ಅನ್ನಿಸಿಕೊಳ್ಳುತ್ತದೆ. ಹತ್ತೂರಿನ ಸಹಿ ಬಿದ್ದರೆ ಅದನ್ನು ಠರಾವು ಅಂತ ನೋಡುತ್ತಾರೆ.

ಇದು ನಮ್ಮ ನೆಲಕ್ಕೆ ಹೊಸದೇನಲ್ಲ. 1920ರಲ್ಲಿ ಧಾರವಾಡದಲ್ಲಿ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ನಡೆಯಿತು. ಅದೇ ವರ್ಷದ ಕೊನೆಗೆ ಕನ್ನಡ ನಾಡಿನ ಪ್ರತಿನಿಧಿಗಳು ದೊಡ್ಡ ಸಂಖ್ಯೆಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. ಕರ್ನಾಟಕಕ್ಕೆ ಕಾಂಗ್ರೆಸ್ಸಿನ ಬೇರೆಯದೇ ಪ್ರಾಂತ ಸಮಿತಿ ಬೇಕು ಅನ್ನುವ ಬೇಡಿಕೆ ಅಲ್ಲಿ ಈಡೇರಿತು. ಅವರೂ ಸುಮ್ನೆ ಕುರ್ಚಿ ತುಂಬಲು ಹೋದವರಲ್ಲ.

ಹೊರಡುವ ದಿನ ಬೆಳಗಿನ ಜಾವವೇ ಗಾಡಿ ಹತ್ತಿದೆವು. ಅಣ್ಣಿಗೇರಿಯಲ್ಲಿ ಚಹಾ, ನಲವಡಿ ದಾಟಿ ಹುಬ್ಬಳ್ಳಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿ. ಊಟ ಇರುತ್ತದೆ, ಆದರೆ ಪಾಳಿ ಉದ್ದ. ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಶೌಚಾಲಯ ಎಲ್ಲಿದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಇದೊಂದಕ್ಕೇ ಹೆದರಿ ಎಷ್ಟೋ ಜನ ಅಕ್ಕಂದಿರು ನೀರು ಕುಡಿಯದೆ ಇಡೀ ದಿನ ಕೂತಿರುತ್ತಾರೆ.

ನೆಹರೂ ಮೈದಾನದ ಬಹಿರಂಗ ಸಭೆ ಸಂಜೆಗೆ. ನಮ್ಮ ಕೆಲಸ ಇದ್ದದ್ದು ಬೆಳಗ್ಗೆ, ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಪ್ರತಿನಿಧಿಗಳ ಸಭೆಯಲ್ಲಿ. ಅಲ್ಲಿಗೆ ಬೇರೆ ಪಾಸ್ ಬೇಕು. ಅದನ್ನು ಊರಲ್ಲಿದ್ದಾಗಲೇ ಕೇಳಿ ಪಡೆಯಬೇಕು, ಬಾಗಿಲಲ್ಲಿ ನಿಂತು ಜಗಳಾಡಿದರೆ ಸಿಗುವುದಿಲ್ಲ. ಒಳಗೆ ಹೋದ ಮೇಲೆ ಎಲ್ಲರೂ ದೊಡ್ಡ ನಾಯಕರ ಸುತ್ತ ಸೆಲ್ಫಿಗೆ ಮುಗಿಬಿದ್ದಿದ್ದರು. ನಾನು ಹುಡುಕಿದ್ದು ಠರಾವುಗಳ ಕರಡು ಬರೆಯುವವರನ್ನು. ವೇದಿಕೆಯ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ವಕೀಲರು ಫೈಲು ಹಿಡಿದು ಕೂತಿದ್ದರು. "ರೈತರ ಠರಾವು ಅದೇನ್ರಿ ಸರ?" ಅಂದೆ. ಅದೆ ಅಂದರು. ನಮ್ಮ ಅರ್ಧ ಹಾಳಿ ಕೊಟ್ಟೆ. ಸಹಿಗಳ ಮೇಲೆ ಬೆರಳಾಡಿಸುತ್ತಾ ಅವರು ಎರಡೇ ಪ್ರಶ್ನೆ ಕೇಳಿದರು. ಯಾವ ತಿಂಗಳು ರಾಶಿ? ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇಲ್ಲದವರು ಎಷ್ಟು ಮನೆ? ಎರಡಕ್ಕೂ ನಮ್ಮ ಹತ್ತಿರ ಉತ್ತರ ಇತ್ತು. ಮನೆ ಮನೆ ತಿರುಗುವ ಕಾರ್ಯಕರ್ತರ ಬಲ ಇದೇ. ಆ ಕೋಣೆಯಲ್ಲಿದ್ದ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ.

ಊಟದ ಪಾಳಿಯಲ್ಲಿ ನವಲಗುಂದ ಕಡೆಯವರು ಸಿಕ್ಕರು. ಅವರದೂ ಇದೇ ಗೋಳು. ಮಧ್ಯಾಹ್ನ ಠರಾವು ಮಂಡನೆ ಆದಾಗ ಅವರೂ ನಮ್ಮ ಜೊತೆ ಕೈ ಎತ್ತಿದರು. ನನಗೆ ಮಾತಿಗೆ ಸಿಕ್ಕ ಸಮಯ ತೀರಾ ಕಡಿಮೆ. ಅಜ್ಜಿಯ ಪಡಸಾಲೆಯ ಕಥೆ ಹೇಳಿ, ಬೇಡಿಕೆ ಓದಿ ಕೂತೆ. ಕೃಷಿ ಠರಾವಿನಲ್ಲಿ ಒಂದು ಸಾಲು ಸೇರಿತು: ರಾಶಿಗೆ ಮುನ್ನವೇ ಹೆಸರುಕಾಳು ಖರೀದಿ ಕೇಂದ್ರ ತೆರೆಯಬೇಕು. ಎಕರೆ ಮಿತಿಯ ಮಾತನ್ನು ಕೈಬಿಟ್ಟರು. ಬೇಸರ ಆಯಿತು, ಎದ್ದು ಹೇಳಿಯೂ ಹೇಳಿದೆ.

ಸಂಜೆಯ ಭಾಷಣಗಳ ಬಗ್ಗೆ ಪೇಪರಿನವರು ಬರೆದಿದ್ದಾರೆ. ನಾನು ಮಾತ್ರ ಅಂಗೀಕಾರವಾದ ಠರಾವಿನ ಝೆರಾಕ್ಸ್ ಕೈಗೆ ಸಿಗುವವರೆಗೂ ಗಾಡಿ ಹತ್ತಲಿಲ್ಲ. ಇದನ್ನು ಮರೆಯಬೇಡಿ. ಠರಾವಿನ ಪ್ರತಿ ನಮ್ಮ ಕೈಯಲ್ಲಿ ಇಲ್ಲದಿದ್ದರೆ ನಾಳೆ ಕೇಳಲು ಆಧಾರವೇ ಇರುವುದಿಲ್ಲ. ಆ ಪ್ರತಿಯನ್ನು ಗುಡಿ ಕಟ್ಟೆಯಲ್ಲಿ ಎಲ್ಲರ ಮುಂದೆ ಓದಿದೆವು. ನಮ್ಮ ಪಕ್ಷದ ಜನಪ್ರತಿನಿಧಿಗಳಿಗೂ ಒಂದೊಂದು ಕೊಟ್ಟು, ನಿಮ್ಮದೇ ಪಕ್ಷದ ಠರಾವು ಇದು ಅಂತ ನೆನಪಿಸಿದ್ದೇವೆ. ಬಿತ್ತನೆ ಮುಗಿಯುತ್ತಿದ್ದಂತೆ ಮತ್ತೆ ಹೋಗುತ್ತೇವೆ. ಎಕರೆ ಮಿತಿಗೆ ಬೇರೆ ಠರಾವು ಬರೆದಾಗಿದೆ. ಈ ಸಲ ಅದರಲ್ಲಿ ನವಲಗುಂದದವರ ಸಹಿಯೂ ಇದೆ.