ಬ್ಯಾರಿಯಲ್ಲಿ ದುಆ: ನನ್ನ ಅನುಭವ

ಸ್ವಂತ ದುಆವನ್ನು, ಅಂದರೆ ದೇವರಲ್ಲಿ ಕೇಳಿಕೊಳ್ಳುವ ಪ್ರಾರ್ಥನೆಯನ್ನು, ನಮ್ಮ ಮನೆಮಾತು ಬ್ಯಾರಿಯಲ್ಲೇ ಕೇಳುತ್ತೇನೆ ಅಂದಾಗ ನಮ್ಮ ಮಸೀದಿಯಲ್ಲಿ ನಕ್ಕವರೇ ಜಾಸ್ತಿ. "ಬಾಯಿಪಾಠ ಇರುವ ಅರಬಿ ಸಾಲದಾ ಮಾರಾಯ?" ಅಂದರು. ಈಗ ಅವರಲ್ಲೇ ಮೂರ್ನಾಲ್ಕು ಮಂದಿ ಹೇಗೆ ಮಾಡುವುದು ಅಂತ ಕೇಳುತ್ತಿದ್ದಾರೆ. ಮೊದಲು ಎರಡು ನಿಮಿಷ ಮನಸ್ಸು ನಿಲ್ಲುತ್ತಿರಲಿಲ್ಲ, ಈಗ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಅರಬಿ ಬಿಟ್ಟಿಲ್ಲ. ಕುರ್‌ಆನಿನ ದುಆಗಳೇ ಮೊದಲು. ನಾವು ಶಾಫಿಈ ಎಂಬ ಕರ್ಮಶಾಸ್ತ್ರ ಪಂಥದವರು, ನಮಾಝಿನೊಳಗೆ ಸ್ವಂತ ಭಾಷೆ ತರುವುದಿಲ್ಲ. ಸಲಾಂ ಹೇಳಿ ನಮಾಝ್ ಮುಗಿಸಿ ಕೈ ಎತ್ತಿದ ಮೇಲೆ ಬ್ಯಾರಿ.

ಶುರುವಿಗೆ ದುಆ ಪುಸ್ತಕಗಳಿಗೆ ಐನೂರು ಆರುನೂರು ಹೋಯಿತು. ನಾಲಿಗೆ ಓದುತ್ತಿತ್ತು, ತಲೆಯಲ್ಲಿ ಮೀನಿನ ಲೆಕ್ಕ. ಚೀಟಿ ಬರೆದುಕೊಂಡೆ, ದಿನಸಿ ಪಟ್ಟಿಯ ಹಾಗಾಯಿತು. ಸುಮ್ನೆ ಒಮ್ಮೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಬರೀ "ಕೊಡು, ಕೊಡು". ಹಂದ್ (ದೇವರ ಸ್ತುತಿ) ಇಲ್ಲ, ಸ್ವಲಾತ್ (ಪ್ರವಾದಿಯವರಿಗಾಗಿ ಕೇಳುವ ಪ್ರಾರ್ಥನೆ) ಇಲ್ಲ. ಹೀಗೆ ಕೇಳಿದವನ ಬಗ್ಗೆ ಪ್ರವಾದಿಯವರು(ಸ) "ಇವನು ಅವಸರ ಮಾಡಿದ" ಅಂದ ಹದೀಸ್ (ಪ್ರವಾದಿಯವರ ಮಾತಿನ ವರದಿ) ನಿಮಗೆ ಗೊತ್ತಲ್ವಾ? ಅಲ್ಲಿಂದ ಕ್ರಮ ಗಟ್ಟಿಯಾಯಿತು: ಹಂದ್, ಸ್ವಲಾತ್, ತೌಬಾ (ತಪ್ಪಿಗೆ ಪಶ್ಚಾತ್ತಾಪ), ನನ್ನದು, ಆಮೇಲೆ ಹೆಸರು ಹಿಡಿದು ಬೇರೆಯವರದು. ಎದುರಿಗಿಲ್ಲದವರಿಗಾಗಿ ಕೇಳಿದರೆ ಮಲಕ್ (ದೇವದೂತ) "ಆಮೀನ್, ನಿನಗೂ ಅಷ್ಟೇ" ಅನ್ನುತ್ತಾರಂತೆ, ಅದನ್ನು ಯಾಕೆ ಬಿಡಬೇಕು! "ನಿನಗಿಷ್ಟವಿದ್ದರೆ ಕೊಡು" ಅನ್ನುವುದು ಮಾತ್ರ ಬಂದ್. ಖಚಿತವಾಗಿ ಕೇಳಬೇಕು ಅಂತಲೇ ಹದೀಸ್ ಇದೆ.

ನಿಜವಾದ ಖರ್ಚು ಬೇರೆ ಕಡೆ. ಪಿಕಪ್ ಮೇಲೆ ಬಡ್ಡಿ ಸಾಲ ಇತ್ತು, ಬಡ್ಡಿ ನಮಗೆ ಹರಾಮ್ (ನಿಷಿದ್ಧ). ಕೂದಲು ಕೆದರಿ, ಧೂಳು ಮೆತ್ತಿಕೊಂಡು "ಯಾ ರಬ್ಬ್" (ಓ ಪ್ರಭುವೇ) ಅಂತ ಕೈ ಎತ್ತಿದ ಪ್ರಯಾಣಿಕನ ಹದೀಸ್ ನಿದ್ದೆ ಕೆಡಿಸಿತು. ಅವನ ಊಟ ಹರಾಮ್, ಬಟ್ಟೆ ಹರಾಮ್, ಉತ್ತರ ಎಲ್ಲಿಂದ ಬರಬೇಕು? ಬಾಕಿ ಒಂದೂಮುಕ್ಕಾಲು ಲಕ್ಷ ಇರಬೇಕು. ಮನೆಯವಳು ಸರ ಬಿಚ್ಚಿ ಕೊಟ್ಟಳು. ಬೇಗ ತೀರಿಸಿದ್ದಕ್ಕೂ ಆರೇಳು ಸಾವಿರ ಕಿತ್ತುಕೊಂಡರು!

ದುಆಗೆ ಉತ್ತರ ಸಿಗುವ ಹೊತ್ತು ಅನ್ನುವ ರಾತ್ರಿಯ ಕೊನೆಯ ಮೂರನೇ ಭಾಗದ ಲೆಕ್ಕ ಹಾಕಿದೆ. ಮಗ್ರಿಬ್‌ನಿಂದ (ಸೂರ್ಯಾಸ್ತ) ಸುಬಹಿವರೆಗೆ (ಬೆಳಗಿನ ಜಾವದ ನಮಾಝ್) ಮೂರು ಪಾಲು. ಮಂಗಳೂರಲ್ಲಿ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಅದು ಶುರುವಾಗುವುದು ಒಂದೂವರೆ ಆಸುಪಾಸಿಗೇ. ಏಳಲಾಗದವರಿಗೆ ಬಾಂಗ್ ಮತ್ತು ಇಕಾಮತ್ (ನಮಾಝ್ ಶುರುವಾಗುವಾಗಿನ ಕರೆ) ನಡುವಿನ ಹತ್ತು ನಿಮಿಷ ಇದೆ. ಅದನ್ನು ನಾವು ವಾಟ್ಸಾಪಿಗೆ ಕೊಟ್ಟಿದ್ದೇವೆ. ಮಳೆ ಬರುವಾಗಲೂ ಕೇಳಿ ನೋಡಿದೆ. ನಮ್ಮ ಕಡೆ ನಾಲ್ಕು ತಿಂಗಳು ಪುಕ್ಕಟೆ ಅವಕಾಶ.

ಕೇಳಿದ್ದರಲ್ಲಿ ಮಗಳಿಗೆ ಸೀಟು ಸಿಕ್ಕಿತು. ಬಂದರಿನ ಅಂಗಡಿ ಜಾಗ ಇನ್ನೂ ಇಲ್ಲ. "ಕೇಳಿದೆ, ಸಿಗಲಿಲ್ಲ" ಅಂದರೆ ಅದೂ ಅವಸರವೇ. ಹಾಗಾಗಿ ಪ್ರತಿ ಶುಕ್ರವಾರ ಅಸರ್ (ಇಳಿಹೊತ್ತಿನ ನಮಾಝ್) ಆದ ಮೇಲೆ ಆ ಅಂಗಡಿಯ ನಂಬರ್ ಸಮೇತ ಕೇಳುತ್ತಿದ್ದೇನೆ.